ನೀಲಿ ಲೈಟ್ ಹಾಕಿದರೆ ದುಃಖ ಬರುತ್ತಾ?

ಪ್ರಶ್ನೆ: ನಾವು ಹಾಸನದ ನಾಲ್ಕು ಜನ ಕಾಲೇಜು ಗೆಳೆಯರು. ಮೊಬೈಲ್‌ನಲ್ಲೇ 10 ನಿಮಿಷದ ಕಿರುಚಿತ್ರ ಮಾಡುತ್ತಿದ್ದೇವೆ. ಮುಖ್ಯ ದೃಶ್ಯ ಇಷ್ಟೇ. ಅಪ್ಪ ತೀರಿಹೋಗಿ ಒಂದೂವರೆ ತಿಂಗಳಾಗಿದೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗ ರಾತ್ರಿ ಊರಿಗೆ ಬರುತ್ತಾನೆ. ಅಮ್ಮ ಊಟ ಬಡಿಸುತ್ತಾಳೆ. ಇಬ್ಬರೂ ಅಪ್ಪನ ವಿಷಯ ಎತ್ತುವುದಿಲ್ಲ. ನಾವು ಬರೆದ ಸಂಭಾಷಣೆ ಓದಿದ ನಮ್ಮ ಮೇಷ್ಟ್ರು 'ಇಷ್ಟೊಂದು ಮಾತು ಯಾಕ್ರಪ್ಪ, ಚಿತ್ರದಲ್ಲಿ ಹೇಳಿ' ಅಂದರು. ಹಾಗಂದರೆ ಏನು ಅಂತ ಹುಡುಕಿದೆವು. ನೀಲಿ ಅಂದರೆ ದುಃಖ, ಕೆಂಪು ಅಂದರೆ ಕೋಪ, ಕ್ಯಾಮೆರಾ ಕೆಳಗಿಟ್ಟರೆ ಪಾತ್ರಕ್ಕೆ ಗತ್ತು, ಮೇಲಿಟ್ಟರೆ ಪಾತ್ರ ದುರ್ಬಲ ಅಂತೆಲ್ಲ ಒಂದು ಪಟ್ಟಿ ಸಿಕ್ಕಿತು. ನಮ್ಮ ದೃಶ್ಯಕ್ಕೆ ನೀಲಿ ಲೈಟ್ ಹಾಕಿ ಮೇಲಿನಿಂದ ತೆಗೆದರೆ ಸಾಕಾ ಸಾರ್?

ಉತ್ತರ:

ನೀಲಿ ಲೈಟ್ ಬಾಡಿಗೆಗೆ ತಂದಿದ್ದರೆ ಇವತ್ತೇ ವಾಪಸ್ ಕೊಟ್ಟುಬಿಡಿ. ಉಳಿದ ದುಡ್ಡಲ್ಲಿ ಎರಡು ಥರ್ಮಾಕೋಲ್ ಹಾಳೆ ತನ್ನಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನಿಮಗೆ ಸಿಕ್ಕ ಪಟ್ಟಿ ಪೂರ್ತಿ ಸುಳ್ಳಲ್ಲ. ಆದರೆ ಅದು ನಿಘಂಟಿನ ಥರ ಇದೆ. ಇಂಥ ಬಣ್ಣಕ್ಕೆ ಇಂಥ ಅರ್ಥ, ಇಂಥ ಕೋನಕ್ಕೆ ಇಂಥ ಅರ್ಥ. ಯಕ್ಷಗಾನದಲ್ಲಿ ಆ ನಿಘಂಟು ನಿಜವಾಗಿಯೂ ಇದೆ. ಬಣ್ಣದ ವೇಷದ ಮುಖದ ಮೇಲಿನ ಚಿಟ್ಟಿ, ಅಂದರೆ ಉಬ್ಬಿದ ಬಿಳಿ ಚುಕ್ಕೆಗಳು, ಕಂಡರೆ ಸಾಕು, ರಾಕ್ಷಸ ಬಂದ ಅಂತ ಅಮ್ಮನ ಮಡಿಲಲ್ಲಿ ತೂಕಡಿಸುವ ಮಗುವಿಗೂ ಗೊತ್ತಾಗುತ್ತದೆ. ಕಲಾವಿದರೂ ನೋಡುವವರೂ ತಲೆತಲಾಂತರದಿಂದ ಮಾಡಿಕೊಂಡ ಒಪ್ಪಂದ ಅದು. ಸಿನಿಮಾಗೆ ಅಂಥ ಒಪ್ಪಂದ ಇಲ್ಲ. ಪ್ರತಿ ಸಿನಿಮಾನೂ ತನ್ನ ಒಪ್ಪಂದವನ್ನು ತಾನೇ, ಅದೂ ಶುರುವಿನಲ್ಲೇ, ನೋಡುವವರ ಜೊತೆ ಮಾಡಿಕೊಳ್ಳಬೇಕು. ಈ ಮನೆಯಲ್ಲಿ ಬೆಳಕು ಹೀಗೆ ಬರುತ್ತದೆ, ಇವನು ಇಲ್ಲಿ ಕೂರುತ್ತಾನೆ, ಇವಳು ಈ ಕಿಟಕಿಯಿಂದ ನೋಡುತ್ತಾಳೆ. ಇದನ್ನು ಮೊದಲು ರೂಢಿ ಮಾಡಿಸಬೇಕು. ಆಮೇಲೆ ಅದರಲ್ಲಿ ಒಂದೇ ಒಂದನ್ನು ಬದಲಿಸಬೇಕು. ನೋಡುವವರ ಎದೆಗೆ ತಾಗುವುದು ಆ ಬದಲಾವಣೆ. ಬಣ್ಣ ಅಲ್ಲ, ಕೋನ ಅಲ್ಲ.

ನಾನು ಇಷ್ಟು ಖಡಾಖಂಡಿತವಾಗಿ ಹೇಳಲು ಕಾರಣ ಇದೆ. ನಿಮ್ಮ ಪಟ್ಟಿಯ 'ಕ್ಯಾಮೆರಾ ಕೆಳಗಿಟ್ಟರೆ ಗತ್ತು' ಅನ್ನುವುದನ್ನೇ ತೆಗೆದುಕೊಳ್ಳಿ. ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ಆರ್ಸನ್ ವೆಲ್ಸ್‌ನ 'ಸಿಟಿಜನ್ ಕೇನ್', 1941ರದ್ದು. ಕ್ಯಾಮೆರಾ ಗ್ರೆಗ್ ಟೋಲಂಡ್. ಅದರಲ್ಲಿ ಕ್ಯಾಮೆರಾ ತೀರಾ ಕೆಳಗೆ ಇಳಿಯುವ ಒಂದು ದೃಶ್ಯ ಇದೆ. ಎಷ್ಟು ಕೆಳಗೆ ಅಂದರೆ, ಸೆಟ್ಟಿನ ನೆಲವನ್ನೇ ಕೊರೆದು ಗುಂಡಿಯಲ್ಲಿ ಕ್ಯಾಮೆರಾ ಇಟ್ಟಿದ್ದರು. ಕಥಾನಾಯಕ, ಪತ್ರಿಕೆಗಳ ಒಡೆಯ ಕೇನ್ ಬೆಟ್ಟದ ಹಾಗೆ ಕಾಣುತ್ತಾನೆ, ತಲೆ ಚಾವಣಿಗೆ ತಾಗುವಷ್ಟು. ಆದರೆ ಅದು ಯಾವ ಸಂದರ್ಭ? ಅವನು ಚುನಾವಣೆ ಸೋತ ರಾತ್ರಿ! ಹಳೇ ಗೆಳೆಯ ಕುಡಿದು ಬಂದು ಮುಖಕ್ಕೆ ಹೊಡೆದ ಹಾಗೆ ಮಾತಾಡುತ್ತಿದ್ದಾನೆ. ಗತ್ತು ಎಲ್ಲಿಂದ ಬಂತು? ಅಷ್ಟು ದೊಡ್ಡ ಮನುಷ್ಯ ಅಷ್ಟು ಗಿಡ್ಡ ಚಾವಣಿಯ ಕೆಳಗೆ ಸಿಕ್ಕಿಹಾಕಿಕೊಂಡ ಹಾಗಿದೆ, ಅಷ್ಟೇ.

ಅದೇ ಸಿನಿಮಾದಲ್ಲಿ ಇನ್ನೊಂದಿದೆ, ನನಗೆ ಇದೇ ಜಾಸ್ತಿ ಇಷ್ಟ. 1929ರ ಆರ್ಥಿಕ ಕುಸಿತದ ನಂತರ ಕೇನ್ ತನ್ನ ಪತ್ರಿಕೆಗಳ ಹಿಡಿತ ಬಿಟ್ಟುಕೊಡುವ ಕಾಗದಕ್ಕೆ ಸಹಿ ಹಾಕಬೇಕು. ಮೇಜಿನ ಹಿಂದೆ ದೂರದಲ್ಲಿ ಕಿಟಕಿಗಳು. ಮಾಮೂಲಿ ಕಿಟಕಿಗಳ ಹಾಗೇ ಕಾಣುತ್ತವೆ. ಕೇನ್ ಮಾತಾಡುತ್ತಾ ಹಿಂದಕ್ಕೆ ನಡೆದು ಹೋಗುತ್ತಾನೆ. ಹೋಗ್ತಾ ಹೋಗ್ತಾ ಚಿಕ್ಕವನಾಗುತ್ತಾನೆ. ಕಿಟಕಿಯ ಹತ್ತಿರ ನಿಂತಾಗ ನೋಡಿದರೆ ಅದರ ಕೆಳಗಿನ ಅಂಚು ಅವನ ತಲೆಗಿಂತ ಮೇಲಿದೆ. ದೊಡ್ಡವರ ಮನೆಗೆ ಬಂದ ಹುಡುಗನ ಥರ ಕಾಣುತ್ತಾನೆ. ಆಮೇಲೆ ಮೇಜಿನ ಹತ್ತಿರ ವಾಪಸ್ ಬರುತ್ತಾನೆ, ಮತ್ತೆ ದೊಡ್ಡವನಾಗುತ್ತಾನೆ, ಸಹಿ ಹಾಕುತ್ತಾನೆ. ಕ್ಯಾಮೆರಾ ಮೇಲೆ ಹೋಗಿಲ್ಲ, ಕೆಳಗೆ ಬಂದಿಲ್ಲ. ಒಬ್ಬ ಮನುಷ್ಯ ಹತ್ತು ಹೆಜ್ಜೆ ನಡೆದ. ನಮ್ಮ ಕಣ್ಣು ಮೊದಲು ಒಂದು ಅಳತೆಯನ್ನು ನಂಬಿತ್ತು, ಆ ಅಳತೆ ಬದಲಾಯಿತು.

ಈಗ ನಿಮ್ಮ ದೃಶ್ಯಕ್ಕೆ ತೀರಾ ಹತ್ತಿರದ ಒಂದು ಸಿನಿಮಾ ಹೇಳುತ್ತೇನೆ. ನಾಲ್ಕೂ ಜನ ಕೂತು ನೋಡಿ. ಜಪಾನಿನ ಯಸುಜಿರೊ ಓಝು ಮಾಡಿದ 'ಟೋಕಿಯೋ ಸ್ಟೋರಿ', 1953. ವಯಸ್ಸಾದ ಗಂಡ ಹೆಂಡತಿ ಒನೊಮಿಚಿ ಅನ್ನುವ ಊರಿನಿಂದ ಟೋಕಿಯೋದಲ್ಲಿರುವ ಮಕ್ಕಳನ್ನು ನೋಡಲು ಹೋಗುತ್ತಾರೆ. ಮಕ್ಕಳಿಗೆ ಪುರುಸೊತ್ತಿಲ್ಲ. ವಾಪಸ್ ಬಂದ ಮೇಲೆ ಹೆಂಡತಿ ತೀರಿಹೋಗುತ್ತಾಳೆ. ಕಥೆ ಅಷ್ಟೇ.

ಅದರ ಮೊದಲಲ್ಲಿ ಇಬ್ಬರೂ ಮನೆಯಲ್ಲಿ ನೆಲದ ಮೇಲೆ ಕೂತು ಪ್ರಯಾಣಕ್ಕೆ ಗಂಟುಮೂಟೆ ಕಟ್ಟುತ್ತಿರುತ್ತಾರೆ. ಒಬ್ಬರ ಪಕ್ಕ ಒಬ್ಬರು, ಒಂದೇ ಕಡೆ ಮುಖ. ಗಾಳಿ ತುಂಬುವ ದಿಂಬು ಎಲ್ಲಿ ಅಂತ ಮಾತು ಬರುತ್ತದೆ. ನಿನ್ನ ಹತ್ತಿರ ಕೊಟ್ಟಿದ್ದೆ ಅಂತ ಅವನು, ಇಲ್ಲ ಅಂತ ಅವಳು. ಕೊನೆಗೆ ಅವನ ಹತ್ತಿರವೇ ಸಿಗುತ್ತದೆ. ನಮ್ಮ ಮನೆಗಳಲ್ಲಿ ಕನ್ನಡಕ, ಬೀಗದ ಕೈ ಹುಡುಕುವ ಕಥೆಯೇ ಅಲ್ವಾ? ಹಿಂದಿನ ಕಿಟಕಿಯಲ್ಲಿ ಪಕ್ಕದ ಮನೆಯಾಕೆ ಬಂದು ಎರಡು ಮಾತಾಡಿ ಹೋಗುತ್ತಾಳೆ. ಈ ಶಾಟ್‌ನಲ್ಲಿ ಏನೂ ವಿಶೇಷ ಇಲ್ಲ ಅಂತಲೇ ಅನ್ನಿಸುತ್ತದೆ.

ಮುಂದೆ ಅಟಾಮಿ ಅನ್ನುವ ಕಡಲ ಊರಿನಲ್ಲಿ ತಡೆಗೋಡೆ ಮೇಲೆ ಇಬ್ಬರೂ ಕೂರುತ್ತಾರೆ. ಅಲ್ಲೂ ಪಕ್ಕ ಪಕ್ಕ, ಒಂದೇ ಕಡೆ ಮುಖ. ಇವರು ಹೀಗೇ ಕೂರುವವರು ಅಂತ ನಮಗೆ ರೂಢಿಯಾಗಿಬಿಡುತ್ತದೆ. ಒಬ್ಬರಿಗೊಬ್ಬರು ಹತ್ತಿರ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕೂರುವ ರೀತಿಯೇ ಅವರ ದಾಂಪತ್ಯ.

ಸಿನಿಮಾದ ಕೊನೆಯಲ್ಲಿ ಮೊದಲಿನ ಅದೇ ಫ್ರೇಮ್ ಬರುತ್ತದೆ. ಅದೇ ಕೋಣೆ, ಅದೇ ಕಿಟಕಿ, ಅದೇ ಪಕ್ಕದ ಮನೆಯಾಕೆ. ಅವನು ತನ್ನ ಜಾಗದಲ್ಲೇ ಕೂತಿದ್ದಾನೆ. ಪಕ್ಕದಲ್ಲಿ ನೆಲ ಇದೆ. ಅಷ್ಟೇ, ಬರೀ ನೆಲ. ಅವಳ ಜಾಗಕ್ಕೆ ಸರಿದು ಫ್ರೇಮಿನ ಮಧ್ಯಕ್ಕೂ ಅವನು ಬಂದಿಲ್ಲ. ಬಣ್ಣ ಇಲ್ಲ, ಕಪ್ಪು-ಬಿಳುಪು ಸಿನಿಮಾ. ಹೊರಗೆ ಒಳ್ಳೇ ಹಗಲು ಬೆಳಕು. ನಿಮ್ಮ ಪಟ್ಟಿಯಲ್ಲಿರುವ ದುಃಖದ ಗುರುತು ಒಂದೂ ಇಲ್ಲ. ನಾನು ಎಷ್ಟೋ ಸಲ ನೋಡಿದ್ದೇನೆ, ಈಗಲೂ ಆ ಖಾಲಿ ನೆಲ ಬಂದಾಗ ಗಂಟಲು ಕಟ್ಟುತ್ತದೆ. ಮೊದಲ ಶಾಟ್ ಇಲ್ಲದೆ ಈ ಕೊನೆಯ ಶಾಟ್ ಮಾತ್ರ ತೋರಿಸಿದರೆ, ಮುದುಕಪ್ಪ ಬೀಸಣಿಗೆ ಹಿಡಿದು ಸುಮ್ನೆ ಕೂತಿದ್ದಾನೆ ಅಂದುಕೊಳ್ಳುತ್ತೀರಿ.

ಇನ್ನೊಂದು ಗಮನಿಸಿ. ಓಝು ಸಿನಿಮಾಗಳಲ್ಲಿ ಕ್ಯಾಮೆರಾ ಬಹುತೇಕ ಕೆಳಗೇ ಇರುತ್ತದೆ, ಚಾಪೆ ಮೇಲೆ ಕೂತವರ ಕಣ್ಣಿನ ಮಟ್ಟಕ್ಕೆ, ಕೆಲವೊಮ್ಮೆ ಅದಕ್ಕಿಂತ ಕೆಳಗೆ. ಅಲ್ಲಾಡುವುದಂತೂ ಅಪರೂಪ. ಅಲ್ಲಿ ಕ್ಯಾಮೆರಾ ಕೆಳಗಿದೆ ಅಂತ ಯಾರಿಗೂ ಗತ್ತು ಬಂದಿಲ್ಲ. ಮನೆಗೆ ಬಂದ ನೆಂಟರು ನಿಂತುಕೊಂಡೇ ಮಾತಾಡುತ್ತಾರಾ? ಕೂರುತ್ತಾರೆ. ಹಾಗೆ ಕ್ಯಾಮೆರಾನೂ ಕೂತಿದೆ. ನಿಮ್ಮ ಅಮ್ಮ ಮಗ ನೆಲದ ಮೇಲೆ ಊಟಕ್ಕೆ ಕೂರುವುದಾದರೆ ನಿಮ್ಮ ಮೊಬೈಲನ್ನೂ ಕೂರಿಸಿ. ಮೇಲಿನಿಂದ ತೆಗೆದರೆ ಬಡಿಸಲು ನಿಂತವರ ನೋಟ ಆಗುತ್ತದೆ, ಅಥವಾ ಸಿಸಿಟಿವಿ.

ಇನ್ನು ಪಾತ್ರದ ಮನಸ್ಸನ್ನು ಚಿತ್ರದಲ್ಲಿ ಹೇಳುವ ವಿಷಯ. ಇದಕ್ಕೆ ನಾನು ತರಗತಿಯಲ್ಲಿ ಯಾವಾಗಲೂ ತೋರಿಸುವುದು ಸತ್ಯಜಿತ್ ರಾಯ್ ಅವರ 'ಚಾರುಲತಾ'ದ ಮೊದಲ ಕೆಲವು ನಿಮಿಷ. 1964ರ ಸಿನಿಮಾ, ಠಾಗೋರರ ಕಥೆ. ಕ್ಯಾಮೆರಾ ಸುಬ್ರತ ಮಿತ್ರ, ಕಲಾ ನಿರ್ದೇಶನ ಬನ್ಸಿ ಚಂದ್ರಗುಪ್ತ. 19ನೇ ಶತಮಾನದ ಕಲ್ಕತ್ತಾದ ಒಂದು ಶ್ರೀಮಂತರ ಮನೆ. ಗಂಡ ಭೂಪತಿ ಮನೆಯಲ್ಲೇ ಪ್ರೆಸ್ ಇಟ್ಟುಕೊಂಡು ಇಂಗ್ಲಿಷ್ ಪತ್ರಿಕೆ ನಡೆಸುತ್ತಾನೆ. ಹೆಂಡತಿ ಚಾರುವಿಗೆ ಮಾಡಲು ಕೆಲಸ ಇಲ್ಲ. ಇದಿಷ್ಟನ್ನೂ ಸಂಭಾಷಣೆ ಬರೆಯುವವರ ಕೈಗೆ ಕೊಟ್ಟಿದ್ದರೆ ಒಬ್ಬ ಗೆಳತಿ ಬಂದು 'ಏನೇ ಚಾರು, ಬೇಜಾರಾ?' ಅಂತ ಕೇಳಬೇಕಾಗುತ್ತಿತ್ತು.

ರಾಯ್ ಏನು ಮಾಡುತ್ತಾರೆ? ಮೊದಲು ಬರೀ ಕೈ. ಕರವಸ್ತ್ರದ ಮೇಲೆ 'ಬಿ' ಅನ್ನುವ ಇಂಗ್ಲಿಷ್ ಅಕ್ಷರ ಕಸೂತಿ ಹಾಕುವ ಕೈ. ಗಂಡನ ಹೆಸರಿನ ಮೊದಲ ಅಕ್ಷರ. ಗಡಿಯಾರ ಹೊಡೆಯುತ್ತದೆ. ಯಜಮಾನರಿಗೆ ಚಹಾ ಕೊಡು ಅಂತ ಆಳಿಗೆ ಕೂಗಿ ಹೇಳುತ್ತಾಳೆ. ಬಹುಮಟ್ಟಿಗೆ ಮಾತು ಅಲ್ಲಿಗೆ ಮುಗಿಯಿತು. ಆಮೇಲೆ ಪುಸ್ತಕದ ಬೀರುವಿನ ಮುಂದೆ ಬೆರಳಾಡಿಸುತ್ತಾ ಬಂಗಾಳಿ ಕಾದಂಬರಿಕಾರ ಬಂಕಿಮರ ಹೆಸರನ್ನು ರಾಗವಾಗಿ ಗುನುಗುತ್ತಾಳೆ, ಒಂದು ಪುಸ್ತಕ ತೆಗೆಯುತ್ತಾಳೆ. ಹೊರಗೆ ಕೋತಿ ಆಡಿಸುವವನ ಸದ್ದು. ಕಿಟಕಿಯ ಪಟ್ಟಿಗಳನ್ನು ಸರಿಸಿ ನೋಡುತ್ತಾಳೆ. ಸಾಲದು ಅನ್ನಿಸಿ ಓಡಿಹೋಗಿ ಹಿಡಿ ಇರುವ ಪುಟ್ಟ ದುರ್ಬೀನು ತರುತ್ತಾಳೆ. ಬೀದಿಯಲ್ಲಿ ಕೋತಿಯವನು, ಪಲ್ಲಕ್ಕಿ, ಛತ್ರಿ ಹಿಡಿದ ಡೊಳ್ಳುಹೊಟ್ಟೆಯವರೊಬ್ಬರು. ಅವರು ಮುಂದೆ ಹೋದ ಹಾಗೆ ಇವಳು ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ ಓಡುತ್ತಾಳೆ. ನಮಗೂ ಮಜಾ ಬರುತ್ತದೆ. ಆದರೆ ಮನೆ ಎಷ್ಟು ದೊಡ್ಡದು, ಎಷ್ಟೊಂದು ಸಾಮಾನು, ಎಷ್ಟೊಂದು ಕಂಬ, ಒಂದು ನರಪಿಳ್ಳೆ ಇಲ್ಲ ಅನ್ನುವುದೂ ಈ ಓಡಾಟದಲ್ಲೇ ಕಾಣುತ್ತದೆ.

ಆಗ ಗಂಡ ಬರುತ್ತಾನೆ. ಪುಸ್ತಕ ಓದುತ್ತಾ ಅವಳ ಪಕ್ಕದಲ್ಲೇ ಹಾದುಹೋಗುತ್ತಾನೆ. ನೋಡುವುದಿಲ್ಲ. ಬೈದಿಲ್ಲ, ಹೊಡೆದಿಲ್ಲ, ಕೆಟ್ಟವನೂ ಅಲ್ಲ. ಸುಮ್ನೆ ನೋಡಲಿಲ್ಲ. ಅವನು ಹೋಗುತ್ತಿರುವಾಗ ಚಾರು ಆ ದುರ್ಬೀನನ್ನು ಮೆಲ್ಲಗೆ ಕಣ್ಣಿಗೆ ಹಿಡಿದು ಗಂಡನನ್ನು ನೋಡುತ್ತಾಳೆ!

ಅಲ್ಲಿ ನಿಲ್ಲಿಸಿ ಯೋಚನೆ ಮಾಡಿ. ದುರ್ಬೀನು ಅಂದರೆ ಒಂಟಿತನ ಅಂತ ಯಾವ ಪಟ್ಟಿಯಲ್ಲೂ ಇರಲ್ಲ. ಆ ದುರ್ಬೀನಿನಿಂದ ಬೀದಿಯಲ್ಲಿ ಹೋಗುವವರನ್ನು ನೋಡುವುದನ್ನು ನಮಗೆ ರೂಢಿ ಮಾಡಿಸಿದರು. ಈಗ ಅದೇ ದುರ್ಬೀನು ಎರಡು ಮಾರು ದೂರದ ಗಂಡನ ಕಡೆ ತಿರುಗಿತು. ಅವನೂ ಬೀದಿಯವನಾದ. ಅವನು ಮರೆಯಾದ ಮೇಲೆ ದುರ್ಬೀನು ಹಿಡಿದ ಕೈ ಕೆಳಗೆ ಇಳಿಯುತ್ತದೆ, ಆ ಹೊತ್ತಿಗೇ ಕ್ಯಾಮೆರಾದ ನೋಟ ಅವಳಿಂದ ರಪ್ಪನೆ ಹಿಂದಕ್ಕೆ ಸರಿಯುತ್ತದೆ. ಇಷ್ಟು ಹೊತ್ತು ನಾವು ಅವಳ ಜೊತೆಗಿದ್ದೆವು, ಈಗ ನಾವೂ ಬಿಟ್ಟು ಹೋದ ಹಾಗೆ. ಇದನ್ನೆಲ್ಲ ಮಾಡೋಕೆ ನಿನಗೆ ಟೈಮ್ ಯಾವಾಗ ಸಿಗುತ್ತೆ ಅಂತ ಗಂಡ ಆ ಕರವಸ್ತ್ರ ನೋಡಿ ಕೇಳುವುದು ಆಮೇಲೆ. ಆ ಮಾತಿಗೆ ನಾವು ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ. ಯಾಕೆಂದರೆ ಉತ್ತರ ನಮಗೆ ಮೊದಲೇ ಗೊತ್ತು.

ಅದೇ ದುರ್ಬೀನು ಮುಂದೆ ತೋಟದ ಉಯ್ಯಾಲೆಯ ದೃಶ್ಯದಲ್ಲಿ ಭೂಪತಿಯ ತಮ್ಮನ ವರಸೆಯ ಅಮಲ್‌ನ ಕಡೆ ತಿರುಗುತ್ತದೆ. ಆಗ ಅದಕ್ಕೆ ಬೇರೆಯೇ ಅರ್ಥ. ವಸ್ತು ಒಂದೇ, ನೋಟ ಮೂರು.

ಬೆಳಕಿನ ವಿಷಯಕ್ಕೆ ಬರೋಣ. ನಮ್ಮ ಮೈಸೂರಿನ ವಿ. ಕೆ. ಮೂರ್ತಿ ಅವರ ಹೆಸರು ಕೇಳಿದ್ದೀರಲ್ವಾ? ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಸಿನಿಮಾ ಛಾಯಾಗ್ರಹಣ ಕಲಿತು ಬಾಂಬೆಗೆ ಹೋದವರು, ಗುರುದತ್ ಸಿನಿಮಾಗಳ ಕಣ್ಣು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಕ್ಯಾಮೆರಾದವರಿಗೆ ಆ ಪ್ರಶಸ್ತಿ ಬಂದಿದ್ದು ಅದೇ ಮೊದಲು. 1959ರ 'ಕಾಗಜ್ ಕೆ ಫೂಲ್' ನಮ್ಮ ದೇಶದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರಲ್ಲಿ ಒಂದು ಹಾಡಿನ ದೃಶ್ಯ. ಖಾಲಿ ಸ್ಟುಡಿಯೋ, ಒಬ್ಬ ನಿರ್ದೇಶಕ, ಒಬ್ಬ ನಟಿ. ಇಬ್ಬರಿಗೂ ಪ್ರೀತಿ, ಆದರೆ ಅವನು ಮದುವೆಯಾದವನು, ಮುಂದಕ್ಕೆ ದಾರಿ ಇಲ್ಲ. ಮೇಲಿನಿಂದ ದಪ್ಪನೆಯ ಒಂದು ಬೆಳಕಿನ ಕೋಲು ನೆಲಕ್ಕೆ ಇಳಿದಿದೆ, ಇಬ್ಬರೂ ಅದರ ಆಚೆ ಈಚೆ. ಆ ಬೆಳಕನ್ನು ಮೂರ್ತಿಯವರು ಎರಡು ದೊಡ್ಡ ಕನ್ನಡಿಗಳಿಂದ ಮಾಡಿದರು. ಹೊರಗಿನ ಬಿಸಿಲು ಮೊದಲ ಕನ್ನಡಿಗೆ ಬಿದ್ದು, ಅಲ್ಲಿಂದ ಎರಡನೇ ಕನ್ನಡಿಗೆ ಹಾರಿ, ಅಲ್ಲಿಂದ ಸ್ಟುಡಿಯೋ ಒಳಗೆ. ಕೋಲು ಕಣ್ಣಿಗೆ ಕಾಣಲಿ ಅಂತ ಹೊಗೆ.

ಅಂಥದ್ದೇ ಬೆಳಕಿನ ಕೋಲು ಪೌರಾಣಿಕ ಸಿನಿಮಾದಲ್ಲಿ ಬಂದರೆ ದೇವರು ಪ್ರತ್ಯಕ್ಷ ಆದ ಅಂತ ಕೈ ಮುಗಿಯುತ್ತೇವೆ. ಇಲ್ಲಿ ಅದು ಗೋಡೆ. ಇಬ್ಬರಿಗೂ ಅನ್ನ ಕೊಟ್ಟದ್ದು, ಇಬ್ಬರನ್ನೂ ಹತ್ತಿರ ತಂದದ್ದು ಸ್ಟುಡಿಯೋದ ಬೆಳಕೇ. ಈಗ ಅದೇ ನಡುವೆ ನಿಂತಿದೆ. ಅವರ ದೇಹಗಳು ಅಲ್ಲೇ ನಿಂತಿರುತ್ತವೆ, ನೆರಳಿನಂಥ ರೂಪಗಳು ಮಾತ್ರ ಎದ್ದು ಬೆಳಕಿನ ಕಡೆ ನಡೆಯುತ್ತವೆ. ಕತ್ತಲಿಗೂ ಹೀಗೇ, ಒಂದೇ ಅರ್ಥ ಇಲ್ಲ. ಮೂರ್ತಿಯವರೇ ತೆಗೆದ 'ಸಾಹಿಬ್ ಬೀಬಿ ಔರ್ ಗುಲಾಮ್' ಚಿತ್ರದ ಒಂದು ಮುಜ್ರಾ ಹಾಡಿನಲ್ಲಿ ಮುಖ್ಯ ನರ್ತಕಿ ಮಾತ್ರ ಬೆಳಕಲ್ಲಿದ್ದು ಹಿಂದಿನ ಹುಡುಗಿಯರೆಲ್ಲ ನೆರಳಾಗಿ ಕುಣಿಯುತ್ತಾರೆ. ಆ ಕತ್ತಲಲ್ಲಿ ದುಃಖ ಎಲ್ಲಿದೆ? ಮಾದಕತೆ ಇದೆ, ಅಮಲು ಇದೆ.

ಥರ್ಮಾಕೋಲ್ ವಿಷಯ ಹೇಳುತ್ತೇನೆ ಅಂದಿದ್ದೆ. ರಾಯ್ ಅವರ 'ಅಪರಾಜಿತೋ' 1956ರಲ್ಲಿ ಬಂತು. ಅದರ ಕಾಶಿಯ ಮನೆಯನ್ನು ಬಯಲಲ್ಲಿ ಕಟ್ಟಬೇಕು ಅಂದುಕೊಂಡಿದ್ದವರು ಮಳೆಗೆ ಹೆದರಿ ಕಲ್ಕತ್ತಾದ ಸ್ಟುಡಿಯೋ ಒಳಗೆ ಕಟ್ಟಿದರು. ಕಾಶಿಯ ಹಳೇ ಮನೆಗಳ ಅಂಗಳಕ್ಕೆ ಬೆಳಕು ಬರುವುದು ಮೇಲಿನ ಆಕಾಶದಿಂದ, ನಮ್ಮ ತೊಟ್ಟಿಮನೆಗಳ ಹಾಗೆ. ಆ ಬೆಳಕಿಗೆ ಗಟ್ಟಿ ನೆರಳಿಲ್ಲ. ಸ್ಟುಡಿಯೋ ಲೈಟ್ ನೇರ ಹಾಕಿದರೆ ಒಬ್ಬೊಬ್ಬರಿಗೆ ಮೂರು ಮೂರು ನೆರಳು ಬೀಳುತ್ತದೆ. ಸುಬ್ರತ ಮಿತ್ರ ಅಂಗಳದ ಮೇಲೆ ಬಿಳಿ ಬಟ್ಟೆ ಕಟ್ಟಿಸಿ, ಲೈಟುಗಳನ್ನು ಆ ಬಟ್ಟೆಗೆ ತಿರುಗಿಸಿದರು. ಬಟ್ಟೆಯಿಂದ ವಾಪಸ್ ಬಂದ ಬೆಳಕು ಆಕಾಶದ ಬೆಳಕಿನ ಹಾಗೇ ಕಂಡಿತು. ಇವತ್ತು ನಮ್ಮ ಪ್ರತಿ ಯೂನಿಟ್‌ನಲ್ಲೂ ಲೈಟ್ ಬಾಯ್ ಥರ್ಮಾಕೋಲ್ ಹಿಡಿದು ನಿಂತಿರುತ್ತಾನಲ್ಲ, ಅದೂ ಇದೇ ಕೆಲಸ. ನಿಮ್ಮ ಎರಡು ಹಾಳೆ ಅದಕ್ಕೇ.

ನಿಮ್ಮ ದೃಶ್ಯ ರಾತ್ರಿಯದ್ದು. ಹಜಾರದ ಟ್ಯೂಬ್‌ಲೈಟ್ ಆರಿಸಿ. ಅಡುಗೆಮನೆಯ ದೀಪ ಒಂದೇ ಉರಿಯಲಿ, ಅದರ ಬೆಳಕು ಬಾಗಿಲಿನಿಂದ ಊಟದ ಜಾಗಕ್ಕೆ ಬೀಳಲಿ. ಸಾಲದಿದ್ದರೆ ಬಾಗಿಲಾಚೆ ಥರ್ಮಾಕೋಲ್ ಇಟ್ಟು ಅದಕ್ಕೊಂದು ಬಲ್ಬ್ ತಿರುಗಿಸಿ. ಮುಖದ ಇನ್ನೊಂದು ಬದಿ ಕತ್ತಲಾಗಬೇಕು ಅಂದರೆ ಆ ಕಡೆ ಕರಿ ಕಂಬಳಿ ಕಟ್ಟಿ. ಬಿಳಿ ಗೋಡೆ ಹತ್ತಿರ ಇದ್ದರೆ ಅದು ಕೇಳದೇ ಬೆಳಕು ವಾಪಸ್ ಕೊಡುತ್ತಿರುತ್ತದೆ, ಕಂಬಳಿ ಅದನ್ನು ತಡೆಯುತ್ತದೆ. ಬೆಳಕಿನ ಬಣ್ಣ ಅಳೆಯುವ ಕೆಲ್ವಿನ್ ಲೆಕ್ಕದಲ್ಲಿ ಹಳದಿ ಬಲ್ಬ್ ಸುಮಾರು 2700ರಿಂದ 3000, ಹಗಲಿನ ಬೆಳಕು ಸುಮಾರು 5500. ಮೊಬೈಲು ಇದನ್ನು ತಾನೇ ಸರಿಮಾಡಲು ಹೋಗಿ ಪ್ರತಿ ಶಾಟ್‌ಗೂ ಬಣ್ಣ ಬದಲಿಸುತ್ತದೆ. ಹಾಗಾಗಿ ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ), ಎಕ್ಸ್‌ಪೋಶರ್ (ಬೆಳಕಿನ ಪ್ರಮಾಣ) ಎರಡನ್ನೂ ಲಾಕ್ ಮಾಡಿ. ನಮ್ಮ ಕರೆಂಟು 50 ಹರ್ಟ್ಸ್. ಶಟರ್ ವೇಗವನ್ನು 1/50 ಅಥವಾ 1/100 ಸೆಕೆಂಡಿಗೆ ಇಡಿ, ಇಲ್ಲದಿದ್ದರೆ ಲೈಟ್ ಮಿಣುಕಿ ಪಟ್ಟೆ ಪಟ್ಟೆ ಬರುತ್ತದೆ. ಆಮೇಲೆ ನೋಡುವವರಿಗೆ ಅಪ್ಪನ ನೆನಪು ಬರಲ್ಲ, ಕೆಇಬಿ ನೆನಪು ಬರುತ್ತದೆ.

ಹಾರ ಹಾಕಿದ ಫೋಟೊ ಬೇಡ. ನೀವು ಬರೆದಿಲ್ಲ, ಆದರೆ ಖಂಡಿತ ಯೋಚನೆ ಮಾಡಿರುತ್ತೀರಿ. ಫೋಟೊಗೆ ಕ್ಯಾಮೆರಾ ತಿರುಗಿಸುವುದೂ ಒಂದು ಡೈಲಾಗೇ. ಬಾಯಲ್ಲಿ ಹೇಳುವ ಬದಲು ಗೋಡೆಯಲ್ಲಿ ಹೇಳಿದಿರಿ, ಅಷ್ಟೇ ವ್ಯತ್ಯಾಸ. ಮನೆಯಲ್ಲಿ ಇದ್ದರೆ ಇರಲಿ, ಫ್ರೇಮಿನ ಮೂಲೆಯಲ್ಲಿ ಅರ್ಧ ಕತ್ತರಿಸಿ ಬಂದರೂ ತೊಂದರೆಯಿಲ್ಲ. ಅಮ್ಮನಿಗೆ ಬಿಳಿ ಸೀರೆಯೂ ಬೇಡ. ನಿಮ್ಮ ಓಣಿಯ ಎಷ್ಟು ಜನ ಅಮ್ಮಂದಿರು ಇವತ್ತು ಹಾಗೆ ಉಡುತ್ತಾರೆ?

ಇಲ್ಲಿ ನನ್ನದೇ ಒಂದು ಕಥೆ ಹೇಳಬೇಕು. ತುಂಬಾ ವರ್ಷದ ಹಿಂದೆ ನಾನು ಸಹಾಯಕ ಕ್ಯಾಮೆರಾಮನ್ ಆಗಿದ್ದಾಗ ಮಲೆನಾಡಿನ ಒಂದು ಹಳೇ ಮನೆಯಲ್ಲಿ ಶೂಟಿಂಗ್ ಇತ್ತು. ಆ ಮನೆ ಆರಿಸಿದ್ದೇ ಅದರ ಗೋಡೆಗಳಿಗಾಗಿ. ದೀಪದ ಮಸಿ, ಸ್ವಿಚ್ಚಿನ ಸುತ್ತ ಕೈ ಗುರುತು, ಮೊಳೆ ಕಿತ್ತ ತೂತು. ಜನ ಬಾಳಿದ ಮನೆ ಅಂತ ನೋಡಿದ ತಕ್ಷಣ ಗೊತ್ತಾಗುತ್ತಿತ್ತು. ಶೂಟಿಂಗಿಗೆ ಹೋದರೆ ಮನೆ ಹಾಲಿನ ಹಾಗೆ ಬೆಳ್ಳಗಿದೆ! ಸಿನಿಮಾದವರು ಬರ್ತಾರೆ ಅಂತ ಮನೆಯವರು ಸಂಭ್ರಮದಿಂದ ಸುಣ್ಣ ಬಳಿಸಿಬಿಟ್ಟಿದ್ದರು. ನಿರ್ದೇಶಕರು ತಲೆ ಮೇಲೆ ಕೈ ಹೊತ್ತು ಕೂತರು. ಬೈಯುವ ಹಾಗೂ ಇಲ್ಲ, ಮನೆಯಾಕೆ ಪಾಯಸ ಬೇರೆ ಮಾಡಿದ್ದರು.

ಮೂರನೇ ದಿನ ಬೆಳಿಗ್ಗೆ ಊಟದ ಹಜಾರದ ಗೋಡೆ ಮೇಲೆ ಒಂದೇ ಒಂದು ಕಡೆ, ಕೂತವರ ತಲೆಯ ಎತ್ತರಕ್ಕೆ, ತಟ್ಟೆಯಷ್ಟಗಲ ಹಳದಿ ಕಲೆ ಸುಣ್ಣದೊಳಗಿಂದ ಎದ್ದಿತ್ತು. ಏನಮ್ಮ ಇದು ಅಂತ ಕೇಳಿದೆ. 'ನಮ್ಮ ಮಾವನೋರು ಊಟ ಆದ್ಮೇಲೆ ಅಲ್ಲೇ ಒರಗಿ ಕೂರೋರು. ತಲೆಗೆ ಎಣ್ಣೆ ಜಾಸ್ತಿ ಅವ್ರಿಗೆ' ಅಂದರು. ಮಾವ ಹೋಗಿ ಎಷ್ಟು ವರ್ಷ ಆಯಿತು ಅಂತ ನಾನು ಕೇಳಲಿಲ್ಲ. ನಮ್ಮ ಸಿನಿಮಾದಲ್ಲಿ ಆ ಕಲೆಗೆ ಕೆಲಸ ಇರಲಿಲ್ಲ. ನಿಮ್ಮದರಲ್ಲಿ ಇದೆ.

ನಿಮ್ಮ ಚಿತ್ರ 10 ನಿಮಿಷದ್ದು, ಅಪ್ಪನನ್ನು ತೋರಿಸಿ ರೂಢಿ ಮಾಡಿಸಲು ಜಾಗ ಇಲ್ಲ. ತೋರಿಸಲೂ ಬೇಕಿಲ್ಲ. ಹಾಂಗ್‌ಕಾಂಗ್ ನಿರ್ದೇಶಕ ವಾಂಗ್ ಕರ್-ವಾಯ್ ಅವರ 'ಇನ್ ದ ಮೂಡ್ ಫಾರ್ ಲವ್' ಸಿನಿಮಾದಲ್ಲಿ ಕಥೆಗೆ ಕಾರಣರಾದ ನಾಯಕಿಯ ಗಂಡ, ನಾಯಕನ ಹೆಂಡತಿ ಇಬ್ಬರ ಮುಖವನ್ನೂ ಒಮ್ಮೆಯೂ ತೋರಿಸುವುದಿಲ್ಲ. ಇಲ್ಲದವರಿಗೂ ಫ್ರೇಮಿನಲ್ಲಿ ಜಾಗ ಕೊಡಬಹುದು. ಮಗ ಬರುವ ಮೊದಲು ಅಮ್ಮ ಒಬ್ಬಳೇ ಊಟ ಮಾಡುವ ಒಂದು ಶಾಟ್ ಇಡಿ, 20 ಸೆಕೆಂಡು ಸಾಕು. ಕ್ಯಾಮೆರಾ ನೆಲದ ಹತ್ತಿರ, ಅಲ್ಲಾಡಬಾರದು. ಅಮ್ಮ ಅಡುಗೆಮನೆ ಬಾಗಿಲ ಹತ್ತಿರ, ಬಡಿಸುವವರು ಕೂರುವ ಜಾಗದಲ್ಲಿ ಕೂತಿದ್ದಾಳೆ. ಎದುರು ಗೋಡೆ, ಗೋಡೆಯ ಮೇಲೆ ಆ ಎಣ್ಣೆ ಕಲೆ, ಕಲೆಯ ಕೆಳಗೆ ಖಾಲಿ ನೆಲ. ಇಡೀ ಹಜಾರ ಖಾಲಿ ಇದ್ದರೂ ಅವಳು ಅಲ್ಲಿ ಕೂರುವುದಿಲ್ಲ. ಏನೂ ವಿವರಿಸಬೇಡಿ. ಕಲೆಯ ಕ್ಲೋಸಪ್ ತೆಗೆದಿರೋ, ಕೆಟ್ಟಿತು.

ಆಮೇಲೆ ಮಗ ಬರುತ್ತಾನೆ. ಅದೇ ಫ್ರೇಮ್. ಬ್ಯಾಗ್ ಬಿಸಾಕಿ, ಮೊಬೈಲ್ ನೋಡುತ್ತಾ, ಗೋಡೆಗೆ ಒರಗಿ ಕೂರುತ್ತಾನೆ. ತಲೆ ಸರಿಯಾಗಿ ಕಲೆಯ ಮೇಲೆ. ಅವನಿಗೆ ಗೊತ್ತಿಲ್ಲ. ಅಮ್ಮ ಸಾರಿನ ಪಾತ್ರೆ ಹಿಡಿದು ಬಾಗಿಲಿಗೆ ಬಂದವಳು ಒಂದು ಕ್ಷಣ ನಿಲ್ಲುತ್ತಾಳೆ, ಅಡುಗೆಮನೆಯ ಬೆಳಕು ಅವಳ ಬೆನ್ನಿಗಿದೆ, ಮುಖ ಸರಿಯಾಗಿ ಕಾಣುವುದಿಲ್ಲ. ಕಾಣಬೇಕಾಗಿಲ್ಲ. ಆಮೇಲೆ ಬಂದು ಬಡಿಸುತ್ತಾಳೆ. ನೀವು ಬರೆದ ಸಂಭಾಷಣೆಯಲ್ಲಿ ಇಲ್ಲಿ ಉಳಿಯುವುದು 'ಸಾಕಾ?', 'ಸಾಕಮ್ಮ'.

ಇದು ಯಾರ ದೃಶ್ಯ ಅನ್ನುವುದನ್ನೂ ನಾಲ್ಕು ಜನ ಮೊದಲೇ ಕೂತು ತೀರ್ಮಾನ ಮಾಡಿ. ಗಿರೀಶ್ ಕಾಸರವಳ್ಳಿ ಅವರ 'ಘಟಶ್ರಾದ್ಧ'ದಲ್ಲಿ ವಿಧವೆ ಯಮುನಕ್ಕನ ಕಥೆಯನ್ನು ನಾವು ನೋಡುವುದು ನಾಣಿ ಅನ್ನುವ ಪುಟ್ಟ ಹುಡುಗನ ಜೊತೆಗೆ. ಕೊನೆಗೆ ಅಪ್ಪನ ಜೊತೆ ಊರು ಬಿಟ್ಟು ಹೋಗುವ ಹುಡುಗನ ಕಣ್ಣಿಗೆ, ತಲೆ ಬೋಳಿಸಿಕೊಂಡು ಮರದ ಕೆಳಗೆ ಕೂತ ಯಮುನಕ್ಕ ಕಾಣುತ್ತಾಳೆ. ಅವಳ ಹತ್ತಿರ ಹೋಗಿ ಕಣ್ಣೀರು ತೋರಿಸಿದ್ದರೆ ಅದು ಬೇರೆ ಸಿನಿಮಾ ಆಗುತ್ತಿತ್ತು. ನಿಮ್ಮದು ಮಗನ ದೃಶ್ಯ ಅಂತಾದರೆ ಕ್ಯಾಮೆರಾ ತಟ್ಟೆಯ ಹತ್ತಿರ ಇರಲಿ. ನನ್ನನ್ನು ಕೇಳಿದರೆ ಅದು ಅಮ್ಮನ ದೃಶ್ಯ. ಅಡುಗೆಮನೆ ಬಾಗಿಲಿನ ಕಡೆಯಿಂದಲೇ ನೋಡಿ.

ಕಲೆ ಮಾಡುವುದು ಹೇಗೆ ಅಂದರೆ, ಹಳೇ ಬನಿಯನ್ ತುಂಡಿಗೆ ಕೊಬ್ಬರಿ ಎಣ್ಣೆ ಹಾಕಿ, ಒಬ್ಬರು ನಿಜವಾಗಿ ಒರಗಿ ಕೂತು ಎತ್ತರ ಗುರುತು ಮಾಡಿಕೊಂಡು, ಅಂಗೈಯಲ್ಲಿ ತಿರುವುತ್ತಾ ಒತ್ತಿ. ಅಂಚು ಗೆರೆ ಎಳೆದ ಹಾಗೆ ಇರಬಾರದು. ಶೂಟಿಂಗಿನ ಹಿಂದಿನ ದಿನವೇ ಮಾಡಿ, ಹಸಿ ಎಣ್ಣೆ ಬೆಳಕಿಗೆ ಹೊಳೆಯುತ್ತದೆ. ಮತ್ತೆ, ಯಾರ ಮನೆಯ ಗೋಡೆಯೋ ಅವರನ್ನು ಮೊದಲೇ ಕೇಳಿಕೊಳ್ಳಿ. ಮೇಲೆ ಎಷ್ಟು ಸಲ ಸುಣ್ಣ ಬಳಿದರೂ ಅದು ಎದ್ದು ಬರುತ್ತದೆ.